ಅಮ್ಮನ ಮಂಡಿ, ಅಪ್ಪನ ಜೋಗ ಮತ್ತು ಹವಾಯಿಯ ಅಕಾಕಾ ಜಲಪಾತ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ತೀರ್ಥಹಳ್ಳಿ ಕಡೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಡಿಸೆಂಬರ್‌ನಲ್ಲಿ ಐದು ದಿನ ಹವಾಯಿಯ ಬಿಗ್ ಐಲ್ಯಾಂಡ್‌ಗೆ ಹೊರಟಿದ್ದೇವೆ. ಅಕಾಕಾ ಫಾಲ್ಸ್ ಪಾರ್ಕ್ ನೋಡಲೇಬೇಕು ಅಂತ ಒಂಬತ್ತು ವರ್ಷದ ಮಗನ ಹಟ. ಅಮ್ಮನಿಗೆ 67 ವರ್ಷ, ಮಂಡಿ ನೋವಿದೆ. ದ್ವೀಪದ ಪಶ್ಚಿಮ ತೀರದ ಕೋನಾದಲ್ಲಿ ರೂಮ್ ನೋಡಿದ್ದೇವೆ. ಯಾವ ಹೊತ್ತಿಗೆ ಹೋಗಬೇಕು? ಎಷ್ಟು ನಡೆಯಬೇಕು? ನೀರಿಗೆ ಇಳಿಯಬಹುದಾ? ಮಳೆ ಬಂದರೆ ಏನು ಮಾಡುವುದು? ಅಪ್ಪ ಅಂತೂ "ಜೋಗ ಪಕ್ಕದಲ್ಲೇ ಇಟ್ಕೊಂಡು ಅಬ್ಬಿ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು" ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಮಗನ ಆಯ್ಕೆ ಚೆನ್ನಾಗಿದೆ. ವಯಸ್ಸಾದವರೂ ಮಕ್ಕಳೂ ಒಟ್ಟಿಗೆ ಬರುವಾಗ ಆ ದ್ವೀಪದಲ್ಲಿ ನಾನು ಮೊದಲು ಹೇಳುವ ಜಲಪಾತ ಅಕಾಕಾ. 442 ಅಡಿ ಎತ್ತರ. ಒಂದೇ ಧಾರೆ, ಎಲ್ಲೂ ತಡೆಯಿಲ್ಲದೆ ನೇರ ಕೆಳಕ್ಕೆ. ಅಷ್ಟು ದೊಡ್ಡದನ್ನು ನೋಡಲು ನಡೆಯಬೇಕಾದ್ದು ಮಾತ್ರ ತುಂಬ ಕಡಿಮೆ. ಆದರೆ ನಿಮ್ಮ ಯೋಜನೆಯಲ್ಲಿ ಒಂದನ್ನು ಬದಲಿಸಲೇಬೇಕು ಅನ್ನಿಸುತ್ತದೆ. ಅದು ಕೋನಾದ ರೂಮ್.

ಐದು ರಾತ್ರಿಯಲ್ಲಿ ಎರಡನ್ನಾದರೂ ಪೂರ್ವ ತೀರದಲ್ಲಿ, ಜಲಪಾತಕ್ಕೆ ಹತ್ತಿರ ಇರುವ ಹೀಲೋ ಊರಿಗೆ ಬದಲಾಯಿಸಿ. ಅಮೆರಿಕದ ಮೇನ್‌ಲ್ಯಾಂಡ್‌ನಿಂದ ನೇರ ವಿಮಾನಗಳು ಕೋನಾಗೇ ಜಾಸ್ತಿ. ಹಾಗಾಗಿ ಎಲ್ಲರೂ ಅಲ್ಲೇ ಉಳಿದು, ಜಲಪಾತವನ್ನು "ಒಂದು ದಿನ ಹೋಗಿ ಬಂದರಾಯ್ತು" ಅಂತ ಇಟ್ಟುಕೊಳ್ಳುತ್ತಾರೆ. ನಕ್ಷೆಯಲ್ಲಿ ದೂರ ಅನ್ನಿಸುವುದಿಲ್ಲ. ಆದರೆ ಕೋನಾದಿಂದ ಹೀಲೋಗೆ ಎರಡು ಬೆಟ್ಟಗಳ ನಡುವಿನ ದಾರಿಯಲ್ಲಿ ಹೋದರೂ ಹತ್ತಿರ ಹತ್ತಿರ ಎರಡು ಗಂಟೆ. ಆ ದಾರಿ ಸುಮಾರು 2,000 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ. ತಿಂಡಿ ಮುಗಿಸಿ, ಎಲ್ಲರನ್ನೂ ಹೊರಡಿಸಿ, ನಡುವೆ ಎರಡು ಸಲ ನಿಲ್ಲಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಮಧ್ಯಾಹ್ನ ಅಲ್ಲಿ ಮೋಡದ ಹೊತ್ತು.

ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ. ಕೋನಾದಿಂದ ಅತಿಥಿಗಳನ್ನು ಕರೆದುಕೊಂಡು ಮೂರು ಗಂಟೆಗೆ ತಲುಪಿದೆ. ಜಲಪಾತದ ಸದ್ದು ಕೇಳುತ್ತಿತ್ತು, ಕಣ್ಣಿಗೆ ಬಿಳಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿ ಮೋಡ ನೋಡಿ ಬರುತ್ತೇವಲ್ಲ, ಹಾಗೆ. ವ್ಯತ್ಯಾಸ ಅಂದರೆ ಅಲ್ಲಿಂದ ವಾಪಸ್ ಬರಲು ಮತ್ತೆ ಎರಡು ಗಂಟೆ.

ಯಾಕೆ ಹೀಗೆ ಅನ್ನುವುದು ನಿಮ್ಮ ಅಪ್ಪನಿಗೆ ತಕ್ಷಣ ಅರ್ಥವಾಗುತ್ತದೆ. ಹವಾಯಿಯಲ್ಲಿ ವರ್ಷದ ಹೆಚ್ಚಿನ ಭಾಗ ಗಾಳಿ ಈಶಾನ್ಯದಿಂದ, ಕಡಲ ಮೇಲಿಂದ ಬೀಸುತ್ತದೆ. ದ್ವೀಪದ ನಡುವೆ ಮೌನಾ ಕೇಯಾ ಪರ್ವತ ನಿಂತಿದೆ, 4,200 ಮೀಟರ್ ಎತ್ತರ. ಗಾಳಿ ಆ ಇಳಿಜಾರನ್ನು ಹತ್ತುವಾಗ ತಣ್ಣಗಾಗಿ ನೀರು ಬಿಟ್ಟುಕೊಡುತ್ತದೆ. ಹಾಗಾಗಿ ಪೂರ್ವದ ಹೀಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೆಟ್ಟದ ಆಚೆ ಬದಿಯ ಕಡಲ ತೀರ ಒಣಗಿದ ಕಪ್ಪು ಲಾವಾ ಬಯಲು. ನಮ್ಮ ಘಟ್ಟದ್ದೇ ಕತೆ, ದಿಕ್ಕು ಮಾತ್ರ ತಿರುಗಿದೆ. ನಮ್ಮಲ್ಲಿ ಪಶ್ಚಿಮ ನೆನೆಯುತ್ತದೆ, ಚಿತ್ರದುರ್ಗದ ಕಡೆ ಒಣಗುತ್ತದೆ. ಅಲ್ಲಿ ಪೂರ್ವ ನೆನೆಯುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಹೀಲೋದ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡಿದೆ. ಅದರಲ್ಲೂ ರಾತ್ರಿ ಹೊತ್ತು ಜಾಸ್ತಿ. ಬೆಳಗ್ಗೆ ಎದ್ದಾಗ ಅಂಗಳ ಒದ್ದೆ, ಆಕಾಶ ತಿಳಿ. ಡಿಸೆಂಬರ್ ಅಲ್ಲಿ ಮಳೆ ಜಾಸ್ತಿ ಇರುವ ಕಾಲವೇ. ಆದರೂ ಬೆಳಗಿನ ಹೊತ್ತು ಬಿಸಿಲು ಸಿಗುವುದು ಅಪರೂಪವೇನಲ್ಲ. ದಿನ ಪೂರ್ತಿ ಸುರಿದ ಮಳೆಯನ್ನೂ ನಾನು ಅಲ್ಲಿ ಕಂಡಿದ್ದೇನೆ. ಅದಕ್ಕೇ ಎರಡು ರಾತ್ರಿ ಉಳಿಯಿರಿ ಅನ್ನುವುದು. ಒಂದು ಬೆಳಗ್ಗೆ ಕೆಟ್ಟರೆ ಇನ್ನೊಂದು ಕೈಯಲ್ಲಿರುತ್ತದೆ.

ನಿಮಗೆ ಇನ್ನೊಂದು ಅನುಕೂಲವೂ ಇದೆ. ಡಿಸೆಂಬರ್‌ನಲ್ಲಿ ಹವಾಯಿ ಕ್ಯಾಲಿಫೋರ್ನಿಯಾಕ್ಕಿಂತ ಎರಡು ಗಂಟೆ ಹಿಂದೆ. ಮೊದಲ ಎರಡು ದಿನ ಮನೆಯವರೆಲ್ಲ ಅಲ್ಲಿನ ನಸುಕಿಗೇ ಎದ್ದು ಕೂರುತ್ತೀರಿ. ಅದನ್ನು ಬಳಸಿಕೊಳ್ಳಿ. ಹೀಲೋ ರಾತ್ರಿಗಳನ್ನು ಪ್ರವಾಸದ ಮೊದಲಿಗೇ ಇಟ್ಟುಕೊಳ್ಳಿ.

ಹೀಲೋದಿಂದ 19ನೇ ಹೆದ್ದಾರಿ ಹಿಡಿದು ಕಡಲ ಪಕ್ಕ ಉತ್ತರಕ್ಕೆ ಸುಮಾರು 18 ಕಿಲೋಮೀಟರ್. ಅಲ್ಲಿ ಎಡಕ್ಕೆ 220ನೇ ರಸ್ತೆ. ಹೊನೊಮು ಅನ್ನುವ ಪುಟ್ಟ ಊರು ದಾಟಿ ಸುಮಾರು ಆರು ಕಿಲೋಮೀಟರ್ ಮೇಲೆ ಹತ್ತಿದರೆ ರಸ್ತೆ ಪಾರ್ಕಿನಲ್ಲೇ ಮುಗಿಯುತ್ತದೆ. ಒಟ್ಟು ಅರ್ಧ ಗಂಟೆ ದಾರಿ. ಇದು ಹಮಾಕುವಾ ಕರಾವಳಿ. ಒಂದು ಕಾಲಕ್ಕೆ ಈ ಇಳಿಜಾರೆಲ್ಲ ಕಬ್ಬು. ಹೊನೊಮು ಕೂಡ ಕಬ್ಬಿನ ತೋಟದ ಊರು. 1990ರ ದಶಕದಲ್ಲಿ ಇಲ್ಲಿನ ಸಕ್ಕರೆ ಉದ್ಯಮ ಮುಚ್ಚಿತು. ಹಳೇ ಮರದ ಅಂಗಡಿ ಸಾಲು ಇನ್ನೂ ಇದೆ. ವಾಪಸ್ ಬರುವಾಗ ಅಲ್ಲಿ ನಿಂತು ಕಾಫಿ ಕುಡಿಯಿರಿ.

ಪಾರ್ಕ್ ಬೆಳಗ್ಗೆ ಎಂಟರ ಹೊತ್ತಿಗೆ ತೆರೆಯುತ್ತದೆ. ಎಂಟೂವರೆಯೊಳಗೆ ಅಲ್ಲಿರಿ. ಪಾರ್ಕಿಂಗ್ ಜಾಗ ಚಿಕ್ಕದು, ಹತ್ತರ ನಂತರ ಬಸ್ಸುಗಳು ಬರಲು ಶುರುವಾದರೆ ಗಾಡಿ ನಿಲ್ಲಿಸುವುದೇ ಕೆಲಸವಾಗುತ್ತದೆ. ಹವಾಯಿ ರಾಜ್ಯದವರಿಗೆ ಶುಲ್ಕವಿಲ್ಲ. ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10 ಡಾಲರ್. ಕ್ಯಾಲಿಫೋರ್ನಿಯಾದವರೂ ಹೊರಗಿನವರೇ. ಐದು ಜನಕ್ಕೆ ಕಾರು ಸೇರಿ 35 ಡಾಲರ್ ಲೆಕ್ಕ ಇಟ್ಟುಕೊಳ್ಳಿ. ಕಾರ್ಡ್ ಕೈಯಲ್ಲಿರಲಿ. ಹವಾಯಿಯ ಕೆಲವು ಪಾರ್ಕುಗಳಿಗೆ ಮುಂಗಡ ಬುಕಿಂಗ್ ಇಲ್ಲದೆ ಬಿಡುವುದಿಲ್ಲ. ಕವಾಯಿ ದ್ವೀಪದ ಹಾಎನಾ, ಹೊನೊಲುಲುವಿನ ಡೈಮಂಡ್ ಹೆಡ್ ಹಾಗೆ. ಅಕಾಕಾಗೆ ಆ ತಾಪತ್ರಯ ಇಲ್ಲ. ಆದರೂ ಹೊರಡುವ ಹಿಂದಿನ ದಿನ ರಾಜ್ಯ ಪಾರ್ಕ್ ಇಲಾಖೆಯ ಸೂಚನೆ ಒಮ್ಮೆ ನೋಡಿ. ಜೋರು ಮಳೆಗೆ, ಮರ ಬಿದ್ದರೆ, ದುರಸ್ತಿಗೆ ಆಗಾಗ ದಾರಿ ಮುಚ್ಚುತ್ತಾರೆ.

ಈಗ ಅಮ್ಮನ ಮಂಡಿ. ದಾರಿ ಒಂದು ಸುತ್ತು, ಒಟ್ಟು ಮುಕ್ಕಾಲು ಕಿಲೋಮೀಟರ್‌ಗಿಂತ ಕಡಿಮೆ. ಸಿಮೆಂಟ್ ಹಾಕಿದ್ದಾರೆ, ಕಂಬಿ ಇದೆ. ಸುಮ್ಮನೆ ನಡೆದರೆ ಅರ್ಧ ಗಂಟೆ. ಆದರೆ ಮೆಟ್ಟಿಲುಗಳಿವೆ, ಇಳಿದು ಹತ್ತಬೇಕು. ಗಾಲಿಕುರ್ಚಿ ಹೋಗುವುದಿಲ್ಲ. ಸುತ್ತು ಶುರುವಾಗುವಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಉದ್ದದ ದಾರಿ. ಬಿದಿರು ಮೆಳೆ, ಆಲದ ಮರ, ಹೊಳೆ ಎಲ್ಲ ದಾಟಿ, ಮೊದಲು ಕಹುನಾ ಅನ್ನುವ ಇನ್ನೊಂದು ಜಲಪಾತದ ಕಡೆ ನೋಡಿ, ಆಮೇಲೆ ಅಕಾಕಾ. ಎಡಕ್ಕೆ ಹೋದರೆ ನೇರ ಅಕಾಕಾ ಮುಂದೆ ನಿಲ್ಲುತ್ತೀರಿ. ಅಮ್ಮನನ್ನು ಎಡಗಡೆಯಿಂದ ಕರೆದುಕೊಂಡು ಹೋಗಿ, ಅದೇ ದಾರಿಯಲ್ಲಿ ವಾಪಸ್ ಕರೆತನ್ನಿ. ಬಲಗಡೆ ದಾರಿ ತೆರೆದಿದ್ದರೆ ಆ ಸುತ್ತು ಬೇಕಾದವರು ಆಮೇಲೆ ಹಾಕಬಹುದು. ಕಹುನಾ ಗಿಡಮರಗಳ ನಡುವೆ ಅರ್ಧಂಬರ್ಧ ಕಾಣುತ್ತದೆ ಅಷ್ಟೆ, ಅದು ತಪ್ಪಿದರೆ ಅಮ್ಮನಿಗೆ ನಷ್ಟವಿಲ್ಲ.

ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅದರ ಮೇಲೆ ಈ ಮೆಟ್ಟಿಲು ಸದಾ ಒದ್ದೆ. ಮಲೆನಾಡಿನವರಿಗೆ ಪಾಚಿ ಗೊತ್ತು, ಅಂಗಳಕ್ಕೆ ಅಡಿಕೆ ಸೋಗೆ ಹಾಸಿ ನಡೆದವರು. ಆದರೆ ಪ್ರವಾಸದಲ್ಲಿ ಅದು ಮರೆತುಹೋಗುತ್ತದೆ. ಸೀರೆ ಉಟ್ಟು, ಹವಾಯಿ ಚಪ್ಪಲಿ ಹಾಕಿ ಬರುವುದು ಬೇಡ ಅಂತ ಅಮ್ಮನಿಗೆ ಮೊದಲೇ ಹೇಳಿ. ಹಿಂದೆ ಪಟ್ಟಿ ಇರುವ, ಅಟ್ಟೆ ಗಟ್ಟಿ ಇರುವ ಚಪ್ಪಲಿ ಅಥವಾ ಶೂ ಬೇಕು. ಒಂದು ಊರುಗೋಲು ತನ್ನಿ. ಕೊಡೆಗಿಂತ ರೇನ್‌ಕೋಟ್ ವಾಸಿ, ಕಂಬಿ ಹಿಡಿಯಲು ಕೈ ಖಾಲಿ ಇರುತ್ತದೆ. ಸೊಳ್ಳೆಗೆ ಹಚ್ಚುವ ಕ್ರೀಮ್ ಮರೆಯಬೇಡಿ. ಆ ದ್ವೀಪದಲ್ಲಿ 2015-16ರಲ್ಲಿ ಡೆಂಗಿ ಹರಡಿತ್ತು. ವಿಷದ ಹಾವಿನ ಭಯ ಮಾತ್ರ ಇಲ್ಲ. ನಾಗರಹಾವು, ಮಂಡಲದಂಥವು ಆ ದ್ವೀಪಗಳ ಕಾಡಿನಲ್ಲಿ ಇಲ್ಲವೇ ಇಲ್ಲ. ಇದನ್ನು ಅಮ್ಮನಿಗೆ ಹೇಳಿ, ಅರ್ಧ ಚಿಂತೆ ಕಡಿಮೆಯಾಗುತ್ತದೆ.

ನೀರಿಗೆ ಇಳಿಯುವ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಬೇಡ. ಅಕಾಕಾದಲ್ಲಿ ಕೆಳಗಿನ ಕೊಳಕ್ಕೆ ದಾರಿಯೇ ಇಲ್ಲ, ಎದುರಿನ ಕಟ್ಟೆಯಿಂದ ನೋಡುವುದಷ್ಟೆ. ಮಗನಿಗೆ ಇದನ್ನು ಮೊದಲೇ ಹೇಳಿಬಿಡಿ, ಅಲ್ಲಿ ಹೋಗಿ ಮುಖ ಸಣ್ಣದು ಮಾಡುವುದು ಬೇಡ. ಆದರೆ ಕರಾವಳಿ ಉದ್ದಕ್ಕೂ ಬೇರೆ ಹಳ್ಳಗಳು, ಗುಂಡಿಗಳು ಕಣ್ಣಿಗೆ ಬೀಳುತ್ತವೆ. "ಇಲ್ಲಿ ಇಳಿಯೋಣ, ಯಾರೋ ಈಜ್ತಾ ಇದಾರೆ" ಅನ್ನಿಸುತ್ತದೆ. ಅಲ್ಲೇ ಎಚ್ಚರ ಬೇಕು. ಕೆಳಗೆ ಬಿಸಿಲಿರುತ್ತದೆ. ಮೇಲೆ ಬೆಟ್ಟದಲ್ಲಿ ಮಳೆ ಹೊಡೆದಿರುತ್ತದೆ. ಆ ಹೊಳೆಗಳು ಚಿಕ್ಕವು, ಇಳಿಜಾರು ಕಡಿದು. ಮೇಲೆ ಬಿದ್ದ ನೀರು ಕೆಳಗೆ ಬರಲು ಹೊತ್ತೇ ಬೇಡ. ನೋಡುತ್ತಾ ನೋಡುತ್ತಾ ಮೊಣಕಾಲು ನೀರು ಎದೆಮಟ್ಟ ಆಗುತ್ತದೆ. ನೀರು ಕೆಂಪಗಾದರೆ, ತರಗೆಲೆ ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಒಂದು ಕ್ಷಣವೂ ನಿಲ್ಲದೆ ದಡ ಹತ್ತಬೇಕು. ಹೀಲೋ ಊರೊಳಗಿನ ಹೊಳೆಯ ಹೆಸರೇ ವೈಲುಕು. ಹವಾಯಿ ಭಾಷೆಯಲ್ಲಿ ನಾಶ ಮಾಡುವ ನೀರು ಅಂತ ಅರ್ಥ. ಊರಿನವರು ಸುಮ್ನೆ ಇಟ್ಟ ಹೆಸರಲ್ಲ ಅದು. ಆ ಹೊಳೆ ಜೀವಗಳನ್ನು ತೆಗೆದುಕೊಂಡಿದೆ.

ಎರಡನೇ ಕಾರಣ ಇಲಿ ಜ್ವರ. ಶಿವಮೊಗ್ಗ, ಉಡುಪಿ ಕಡೆಯವರಿಗೆ ಈ ಹೆಸರು ಹೊಸದಲ್ಲ. ಅಮೆರಿಕದಲ್ಲಿ ಈ ರೋಗ ಅತಿ ಹೆಚ್ಚು ಕಾಣುವ ರಾಜ್ಯ ಹವಾಯಿ. ಇಲಿ, ಕಾಡುಹಂದಿಗಳ ಮೂತ್ರ ಸೇರಿದ ಹಳ್ಳದ ನೀರಿನಿಂದ, ಗಾಯ, ಕಣ್ಣು, ಮೂಗಿನ ಮೂಲಕ ರೋಗಾಣು ಒಳಗೆ ಹೋಗುತ್ತದೆ. ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಅಷ್ಟೆ. ಅಕಸ್ಮಾತ್ ಯಾರಾದರೂ ಹೊಳೆಗೆ ಇಳಿದು, ಮುಂದಿನ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು ಬಂದರೆ, "ಹವಾಯಿಯ ಹೊಳೆಗೆ ಇಳಿದಿದ್ದೆ" ಅನ್ನುವ ಮಾತನ್ನು ಡಾಕ್ಟರಿಗೆ ಹೇಳಲೇಬೇಕು.

ಮಗನಿಗೆ ನೀರಾಟ ಬೇಕೇ ಬೇಕು, ಅಲ್ವಾ? ಹೀಲೋದಲ್ಲೇ ಒನೆಕಹಕಹಾ ಬೀಚ್ ಪಾರ್ಕ್ ಇದೆ. ಬಂಡೆಗಳ ಅಡ್ಡಗೋಡೆಯೊಳಗೆ ಕಡಲ ನೀರು ತಿಳಿಯಾಗಿ, ಆಳವಿಲ್ಲದೆ ನಿಂತಿರುತ್ತದೆ. ಜೀವರಕ್ಷಕರು ಇದ್ದಾರೆಯೇ ಅಂತ ನೋಡಿಕೊಂಡು ಇಳಿಸಿ. ಮಧ್ಯಾಹ್ನ ಅಲ್ಲಿಗೆ ಹೋಗಿ. ಜೋರು ಮಳೆಯಾಗಿ ಕಡಲು ಕೆಸರು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅದೂ ಬೇಡ.

ಅಕಾಕಾದಿಂದ ಒಂಬತ್ತೂವರೆಗೆ ಹೊರಟರೆ ಹತ್ತರ ಸುಮಾರಿಗೆ ಹೀಲೋದ ರೇನ್‌ಬೋ ಫಾಲ್ಸ್ ತಲುಪುತ್ತೀರಿ. ಅದೇ ವೈಲುಕು ಹೊಳೆಯದ್ದು. ಎತ್ತರ 80 ಅಡಿಯಷ್ಟೆ, ಆದರೆ ಅಗಲ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ನೋಡುವ ಕಟ್ಟೆ, ಮೆಟ್ಟಿಲಿಲ್ಲದೆ. ಅಮ್ಮ ಅಕಾಕಾದಲ್ಲಿ ಇಳಿಯಲು ಆಗುವುದಿಲ್ಲ ಅಂದರೂ ಇದಂತೂ ಅವರಿಗೆ ಸಿಗುತ್ತದೆ. ಬಿಸಿಲಿದ್ದರೆ ಬೆಳಗ್ಗೆ ಹತ್ತರ ಆಸುಪಾಸಿನಲ್ಲಿ ತುಂತುರಿನೊಳಗೆ ಕಾಮನಬಿಲ್ಲು ನಿಲ್ಲುತ್ತದೆ. ಸೂರ್ಯ ನಿಮ್ಮ ಬೆನ್ನಿಗೆ ಇರಬೇಕು, ತುಂಬ ಮೇಲೇರಿರಬಾರದು. ಅದಕ್ಕೇ ಮಧ್ಯಾಹ್ನ ಬಂದವರಿಗೆ ಬಿಲ್ಲು ಕಾಣುವುದಿಲ್ಲ. ಆ ಧಾರೆಯ ಹಿಂದೆ ಒಂದು ಗುಹೆ ಇದೆ. ಅಲ್ಲಿ ಹೀನಾ ಅನ್ನುವ ದೇವಿ ವಾಸ ಮಾಡುತ್ತಾಳೆ, ಅವಳ ಮಗ ಮಾವಿ ಅಂತ ಅಲ್ಲಿನವರು ಕತೆ ಹೇಳುತ್ತಾರೆ. ಕಟ್ಟೆ ದಾಟಿ ಬಂಡೆ ಹತ್ತುವವರನ್ನು ನೋಡುತ್ತೀರಿ. ನೀವು ಹೋಗಬೇಡಿ.

ಕಾಡಿನ ಬಗ್ಗೆ ಒಂದು ಮಾತು. ಅಕಾಕಾದ ದಾರಿಯಲ್ಲಿ ಕಾಣುವ ಬಿದಿರು, ಕೆಂಪು ಶುಂಠಿ ಹೂ, ಹೆಲಿಕೋನಿಯಾ ಎಲ್ಲ ಹೊರಗಿಂದ ತಂದು ನೆಟ್ಟವು. ನೋಡಲು ಸೊಗಸು, ಆದರೆ ಹವಾಯಿಯ ಸ್ವಂತದ ಕಾಡು ಅದಲ್ಲ. ಸ್ವಂತದ್ದು ಓಹಿಯಾ ಮರ, ಬ್ರಶ್ ಥರದ ಕೆಂಪು ಹೂ ಬಿಡುತ್ತದೆ. ವೊಲ್ಕೇನೋ ನ್ಯಾಷನಲ್ ಪಾರ್ಕ್ ಕಡೆ ಧಾರಾಳ ನೋಡುತ್ತೀರಿ. ಆ ಮರಕ್ಕೆ ಈಗ ದೊಡ್ಡ ಕಂಟಕ ಬಂದಿದೆ. 2014ರಲ್ಲಿ ಗುರುತಿಸಿದ ಒಂದು ಶಿಲೀಂಧ್ರ, ಮರದ ಗಾಯದೊಳಗೆ ಸೇರಿ, ಎಲೆ ಬಾಡಲು ಶುರುವಾದ ಮೇಲೆ ಕೆಲವೇ ವಾರಗಳಲ್ಲಿ ಇಡೀ ಮರವನ್ನು ಒಣಗಿಸುತ್ತದೆ. ಶೂಗೆ ಮೆತ್ತಿದ ಮಣ್ಣಿನಲ್ಲೂ ಅದು ಸಾಗುತ್ತದೆ. ಕಾಡುದಾರಿಗಳ ಬಾಯಲ್ಲಿ ಶೂ ಉಜ್ಜುವ ಬ್ರಶ್, ಸಿಂಪಡಿಸುವ ಔಷಧಿ ಇಟ್ಟಿರುತ್ತಾರೆ. ಒಳಗೆ ಹೋಗುವಾಗಲೂ ಬರುವಾಗಲೂ ಬಳಸಿ. ಅಡಿಕೆ ತೋಟಕ್ಕೆ ಕೊಳೆ ಬಂದದ್ದನ್ನು ಕಂಡವರಿಗೆ ಇದು ಎಂಥ ನೋವು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಊಟದ ಚಿಂತೆ ಬೇಡ. ಹೀಲೋ ಪೇಟೆಯ ರೈತರ ಸಂತೆ ಬುಧವಾರ ಮತ್ತು ಶನಿವಾರ ಜೋರು. ಪಪ್ಪಾಯ, ರಂಬುಟಾನ್, ಹುಳಿಸಿಹಿಯ ಪುಟ್ಟ ಬಾಳೆಹಣ್ಣು ಸಿಗುತ್ತದೆ. ಅಮ್ಮನಿಗೆ ಅಲ್ಲಿ ಕೆಸು ತೋರಿಸಿ, ಗಡ್ಡೆಯೂ ಇರುತ್ತದೆ, ಎಲೆಯೂ ಇರುತ್ತದೆ. ಅದಕ್ಕೆ ಅಲ್ಲಿ ಕಲೋ ಅನ್ನುತ್ತಾರೆ. ದೋಣಿಗಳಲ್ಲಿ ಕಡಲು ದಾಟಿ ಬಂದ ಮೊದಲ ಜನ ಜೊತೆಗೆ ತಂದ ಗಿಡ, ಅವರಿಗೆ ಅನ್ನದಷ್ಟೇ ಪೂಜ್ಯ. ಕೆಸುವಿನೆಲೆ ಸುತ್ತಿ ಬೇಯಿಸಿದ ಲೌಲೌ ಅನ್ನುವುದು ಕಂಡರೆ ಪತ್ರೊಡೆ ನೆನಪಾಗಬಹುದು. ಆದರೆ ಒಳಗೆ ಹಂದಿ ಮಾಂಸ ಅಥವಾ ಮೀನು ಇರುತ್ತದೆ. ಸಸ್ಯಾಹಾರಿಗಳಾದರೆ ಕೇಳಿಯೇ ತೆಗೆದುಕೊಳ್ಳಿ. ಹಸಿ ಸೊಪ್ಪನ್ನು ಎಲೆ ಎಲೆ ಬಿಡಿಸಿ ತೊಳೆಯದೆ ತಿನ್ನಬೇಡಿ. ಬಸವನಹುಳು, ಗೊಂಡೆಹುಳುಗಳಿಂದ ಬರುವ ಒಂದು ಪರೋಪಜೀವಿ ಅಲ್ಲಿದೆ, ಅದು ಮೆದುಳಿಗೆ ಹೋಗುತ್ತದೆ.

ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಬಾಡಿಗೆ ಕಾರಿನೊಳಗೆ ಬ್ಯಾಗ್ ಬಿಡಬೇಡಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಅಂತೂ ಬೇಡವೇ ಬೇಡ. ದೇಶದೊಳಗಿನ ವಿಮಾನಕ್ಕೂ ಅವರಿಗೆ ಅದೇ ಗುರುತಿನ ಚೀಟಿ.

ಇನ್ನು ನಿಮ್ಮ ಅಪ್ಪನ ಪ್ರಶ್ನೆ. ಅವರ ಮಾತಿನಲ್ಲಿ ನ್ಯಾಯವಿದೆ. ಜೋಗ 830 ಅಡಿ, ಅಕಾಕಾ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತುಂಬು ಮಳೆಗಾಲದ ಶರಾವತಿಯ ಮುಂದೆ ಇದು ಒಂದು ಹಳ್ಳ. ಎತ್ತರದ ಲೆಕ್ಕ ಹಾಕಲು ಹೋದರೆ ಅವರು ಹೇಳಿದ್ದೇ ಸರಿ. ನಾನು ಅವರಿಗೆ ತೋರಿಸಬೇಕು ಅಂದುಕೊಳ್ಳುವುದು ಬೇರೆ, ಅದು ಕಣ್ಣಿಗೆ ಕಾಣುವುದಿಲ್ಲ.

ಆ ಹೊಳೆಯಲ್ಲಿ ಒಂದು ಮೀನಿದೆ. ಹವಾಯಿ ಭಾಷೆಯಲ್ಲಿ ಓಓಪು ಅಲಮೋಓ. ದೊಡ್ಡದಾದರೂ ಬೆರಳುದ್ದ. ಆ ದ್ವೀಪಗಳ ಹೊಳೆಗಳಿಗೆ ಸ್ವಂತದ ಮೀನು ಅಂತ ಇರುವುದೇ ಐದು ಜಾತಿ, ಇದು ಅವುಗಳಲ್ಲಿ ಒಂದು. ಜಲಪಾತದ ಮೇಲಿನ ಹೊಳೆಯಲ್ಲಿ ಇದು ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೂಡಲೇ ನೀರಿನ ಜೊತೆ ಕೊಚ್ಚಿಕೊಂಡು, 442 ಅಡಿ ಕೆಳಗೆ ಬಿದ್ದು, ಕಡಲು ಸೇರುತ್ತದೆ. ಕೆಲವು ತಿಂಗಳು ಉಪ್ಪುನೀರಿನಲ್ಲಿ ಬೆಳೆಯುತ್ತದೆ. ಆಮೇಲೆ ಒಂದು ಹೊಳೆಯ ಬಾಯಿ ಹುಡುಕಿಕೊಂಡು ವಾಪಸ್ ಬರುತ್ತದೆ. ಆಗ ಅದರ ಉದ್ದ ಒಂದಂಗುಲ ಇದ್ದರೆ ಹೆಚ್ಚು. ಬಂದು, ಆ ಬಂಡೆಯನ್ನು ಹತ್ತುತ್ತದೆ. ಅದರ ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳು ಸೇರಿ ಒಂದು ಬಟ್ಟಲಿನ ಹಾಗೆ ಆಗಿವೆ. ಅದರಿಂದ ಒದ್ದೆ ಬಂಡೆಗೆ ಅಂಟಿಕೊಳ್ಳುತ್ತದೆ. ಒಮ್ಮೆ ಮೈ ಕೊಡವಿ ಮೇಲಕ್ಕೆ ಚಿಮ್ಮುತ್ತದೆ, ಅಂಟಿಕೊಂಡು ಸುಧಾರಿಸಿಕೊಳ್ಳುತ್ತದೆ, ಮತ್ತೆ ಚಿಮ್ಮುತ್ತದೆ. ಹೀಗೆ ಅಕಾಕಾ ಪೂರ್ತಿ ಹತ್ತಿದ ಮೀನುಗಳು ಮೇಲಿನ ಹೊಳೆಯಲ್ಲಿ ಬದುಕುತ್ತಿವೆ.

ಬೆಟ್ಟದಿಂದ ಕಡಲಿನವರೆಗೆ ನೀರು ಕಡಿಯದೆ ಹರಿದರೆ ಮಾತ್ರ ಈ ಮೀನಿಗೆ ದಾರಿ. ಕಬ್ಬಿನ ಕಾಲದಲ್ಲಿ ಕಾಲುವೆ ತೋಡಿ ನೀರು ತಿರುಗಿಸಿದ ಹವಾಯಿಯ ಎಷ್ಟೋ ಹೊಳೆಗಳಲ್ಲಿ ಇಂಥ ಮೀನು ಕಡಿಮೆಯಾದವು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೇಸಿಗೆಯಲ್ಲಿ ಬರೀ ಬಂಡೆ ಕಾಣುವ ಜೋಗವನ್ನು ನಿಮ್ಮ ಅಪ್ಪ ನೋಡಿಯೇ ಇರುತ್ತಾರೆ. ಡಿಸೆಂಬರ್‌ನಲ್ಲೂ ಮಾರ್ಚ್‌ನಲ್ಲೂ ತುಂಬಿ ಬೀಳುವ ನೀರಿನ ಮುಂದೆ ನಿಂತು, ಈ ಮೀನಿನ ವಿಷಯವನ್ನು ಮಗನ ಬಾಯಿಂದಲೇ ಅಜ್ಜನಿಗೆ ಹೇಳಿಸಿ. ಫೋಟೋ ತೆಗೆದು ಹತ್ತು ನಿಮಿಷಕ್ಕೆ ಹೊರಡುವವರೇ ಅಲ್ಲಿ ಜಾಸ್ತಿ. ನೀವು ಅರ್ಧ ಗಂಟೆ ಆ ಕಟ್ಟೆಯ ಹತ್ತಿರ ಇರಿ. ಅಷ್ಟರಲ್ಲಿ ಒಂದು ಮಳೆ ಬಂದು ಹೋದರೂ ಹೋಗಬಹುದು. ರೇನ್‌ಕೋಟ್ ಹಾಕಿಕೊಂಡು ಅಲ್ಲೇ ನಿಲ್ಲಿ. ಮಂಜು ಸರಿದು ಧಾರೆ ಮತ್ತೆ ಕಾಣಲು ಐದು ನಿಮಿಷ ಸಾಕು.